ಕುರ್ಚಿ ಕೊಳ್ಳುವ ಮೊದಲು ಮೇಜನ್ನು ಅಳೆಯಿರಿ

ಕಚೇರಿಯಲ್ಲಿ ನಾಲ್ಕು ಜನ ಕತ್ತು ಹಿಡಿದಿದೆ, ಸೊಂಟ ನೋಯುತ್ತಿದೆ ಅಂದಕೂಡಲೇ ಹೊಸ ಕುರ್ಚಿಗೆ ಆರ್ಡರ್ ಹೋಗುತ್ತದೆ. ಜಾಲರಿ ಬೆನ್ನಿನ, ತಲೆಗೂ ಆಸರೆ ಇರುವ ದುಬಾರಿ ಕುರ್ಚಿ ಬರುತ್ತದೆ. ತಿಂಗಳೊಪ್ಪತ್ತು ಎಲ್ಲರಿಗೂ ಖುಷಿ. ಆಮೇಲೆ ನೋವು ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ತಪ್ಪು ಬಹುಪಾಲು ಕುರ್ಚಿಯದ್ದಲ್ಲ. ಕುರ್ಚಿ, ಮೇಜು, ಮಾನಿಟರ್ ಈ ಮೂರೂ ಒಂದಕ್ಕೊಂದು ಹೊಂದಿಕೊಳ್ಳದಿರುವುದೇ ತೊಂದರೆ. ಮೂರರಲ್ಲಿ ಹೆಚ್ಚು ಕಾಟ ಕೊಡುವುದು ಯಾರೂ ಅನುಮಾನಿಸದ ಮೇಜು.

ಇಲ್ಲಿ ಹೇಳುವುದೆಲ್ಲ ಇಪ್ಪತ್ತು ಇಪ್ಪತ್ತೈದು ಜನರ ಕಚೇರಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಆಡಿಟರ್ ಆಫೀಸು, ಡಿಟಿಪಿ ಕೇಂದ್ರ, ಸಣ್ಣ ಸಾಫ್ಟ್‌ವೇರ್ ಕಂಪನಿ, ಮಹಡಿ ಮನೆಯೊಂದನ್ನೇ ಆಫೀಸು ಮಾಡಿಕೊಂಡವರು. ದೊಡ್ಡ ಟೆಕ್ ಪಾರ್ಕುಗಳಲ್ಲಿ ಇದನ್ನು ನೋಡಿಕೊಳ್ಳಲು ಪ್ರತ್ಯೇಕ ವಿಭಾಗವೇ ಇರುತ್ತದೆ. ಸಣ್ಣ ಕಚೇರಿಯಲ್ಲಿ ಬಡಗಿ, ಎಲೆಕ್ಟ್ರಿಷಿಯನ್ ಮತ್ತು ಒಂದು ಅಳತೆ ಟೇಪು ಇದ್ದರೆ ಅರ್ಧ ಕೆಲಸ ಆಯಿತು.

ಮೂವತ್ತು ಇಂಚಿನ ತಕರಾರು

ಅಂಗಡಿಯಲ್ಲಿ ಸಿಗುವ ಆಫೀಸ್ ಟೇಬಲ್ಲಾಗಲಿ, ಬಡಗಿ ಮಾಡಿಕೊಡುವುದಾಗಲಿ, ಸಾಮಾನ್ಯವಾಗಿ 29ರಿಂದ 30 ಇಂಚು, ಅಂದರೆ ಸುಮಾರು 75 ಸೆಂ.ಮೀ. ಎತ್ತರ. ಲೆಡ್ಜರ್ ಬರೆಯುವುದಕ್ಕೆ ಈ ಎತ್ತರ ನಡೆಯುತ್ತದೆ, ಏಕೆಂದರೆ ಬರೆಯುವಾಗ ಕಾಗದ ಕಣ್ಣಿಗೆ ಹತ್ತಿರ ಇದ್ದಷ್ಟೂ ಬಗ್ಗುವುದು ಕಡಿಮೆ. ಟೈಪ್ ಮಾಡುವವರಿಗೆ ಬೇಕಾದದ್ದು ಬೇರೆ. ಹೆಗಲು ಸಡಿಲವಾಗಿ ಇಳಿದಿರಬೇಕು, ಮೊಣಕೈ ಪಕ್ಕೆಗೆ ಹತ್ತಿರವಿರಬೇಕು, 90ರಿಂದ 100 ಡಿಗ್ರಿ ಮಡಿಚಿರಬೇಕು. ಹಾಗಾಗಲು ಕೀಬೋರ್ಡು ಮೊಣಕೈ ಮಟ್ಟದಲ್ಲಿ, ಇಲ್ಲವೇ ಅದಕ್ಕಿಂತ ಒಂದೆರಡು ಸೆಂ.ಮೀ. ಕೆಳಗೆ ಇರಬೇಕು. 75 ಸೆಂ.ಮೀ. ಮೇಜು ಹೀಗೆ ಸರಿಹೊಂದುವುದು ಹತ್ತಿರ ಹತ್ತಿರ ಆರಡಿ ಎತ್ತರದ ಆಳಿಗೆ.

ಐದಡಿ ಎರಡಿಂಚಿನ ಮಹಿಳೆಯೊಬ್ಬರನ್ನು ತೆಗೆದುಕೊಳ್ಳಿ. ಪಾದ ಪೂರ್ತಿ ನೆಲ ಮುಟ್ಟುವಂತೆ ಕೂತರೆ ಸೀಟು ನೆಲದಿಂದ ಸುಮಾರು 40 ಸೆಂ.ಮೀ. ಮೇಲಿರುತ್ತದೆ, ಸೀಟಿನಿಂದ ಮೊಣಕೈಗೆ ಇನ್ನು 22 ಸೆಂ.ಮೀ. ಒಟ್ಟು 62. ಮೇಜು 75, ಅದರ ಮೇಲೆ ಕೀಬೋರ್ಡಿನ ದಪ್ಪ 2. ಈ ಹದಿನೈದು ಸೆಂ.ಮೀ. ವ್ಯತ್ಯಾಸವನ್ನು ದೇಹ ಹೇಗಾದರೂ ತುಂಬಿಕೊಳ್ಳಲೇಬೇಕು. ಕೆಲವರು ಹೆಗಲನ್ನು ಕಿವಿಯತ್ತ ಎತ್ತಿ ಟೈಪ್ ಮಾಡುತ್ತಾರೆ. ಕತ್ತಿನ ಬುಡದಿಂದ ಹೆಗಲಿಗೆ ಇಳಿಯುವ ಸ್ನಾಯು ದಿನವಿಡೀ ಬಿಗಿದುಕೊಂಡು ಸಂಜೆ ಹೊತ್ತಿಗೆ ತಲೆಯ ಹಿಂಭಾಗದವರೆಗೂ ನೋವು ಏರುತ್ತದೆ. ಇನ್ನು ಕೆಲವರು ಮಣಿಕಟ್ಟನ್ನು ಮೇಜಿನ ಅಂಚಿಗೆ ಊರಿ, ಅಂಗೈಯನ್ನು ಮೇಲಕ್ಕೆ ಬಾಗಿಸಿ ಟೈಪ್ ಮಾಡುತ್ತಾರೆ. ಅವರಿಗೆ ಬೆರಳು ಜೋಮು ಹಿಡಿಯುತ್ತದೆ. ಇಬ್ಬರಿಗೂ ಎಷ್ಟೇ ಒಳ್ಳೆಯ ಕುರ್ಚಿ ಕೊಟ್ಟರೂ ಪ್ರಯೋಜನವಿಲ್ಲ.

ಅಳೆಯುವುದು ಹೀಗೆ. ಕುರ್ಚಿಯನ್ನು ಪಾದ ನೆಲಕ್ಕೆ ಕೂರುವಷ್ಟು ಇಳಿಸಿ ನೆಟ್ಟಗೆ ಕೂರಿ. ಹೆಗಲು ಬಿಟ್ಟು ಮೊಣಕೈ ಮಡಚಿ. ಇನ್ನೊಬ್ಬರು ನೆಲದಿಂದ ಮೊಣಕೈಯ ಕೆಳಬದಿಗೆ ಟೇಪು ಹಿಡಿಯಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವ ಪದ್ಧತಿ ನಮ್ಮ ಎಷ್ಟೋ ಸಣ್ಣ ಆಫೀಸುಗಳಲ್ಲಿದೆ. ಅಲ್ಲಿ ಬರಿಗಾಲಲ್ಲೇ ಅಳೆಯಿರಿ, ಎರಡು ಸೆಂ.ಮೀ. ವ್ಯತ್ಯಾಸ ಬಂದೇ ಬರುತ್ತದೆ. ಎಲ್ಲರ ಅಳತೆಯನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟರೆ ಯಾರಿಗೆ ಏನು ಬೇಕು ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಪರಿಹಾರ ಮೂರು ಬಗೆ. ಮರದ ಕಾಲಿನ ಮೇಜಾದರೆ ಎರಡು ಮೂರು ಇಂಚು ಕೊಯ್ಯಿಸಿಬಿಡಿ. ಎಲ್ಲಕ್ಕಿಂತ ಅಗ್ಗ, ಆದರೆ ಆಮೇಲೆ ಎತ್ತರದವರು ಅಲ್ಲಿ ಕೂರುವಂತಿಲ್ಲ.

ಎರಡನೆಯದು ಮೇಜಿನ ಕೆಳಗೆ ಕೀಬೋರ್ಡ್ ಟ್ರೇ. ನಾಲ್ಕು ಇಂಚು ಕೆಳಗೆ ಇಳಿದರೆ ಟ್ರೇ 26 ಇಂಚಿಗೆ ಬರುತ್ತದೆ. ಇಲ್ಲಿ ಆಗುವ ಎಡವಟ್ಟು ಅಗಲದ್ದು. ಕೀಬೋರ್ಡು ಮಾತ್ರ ಹಿಡಿಸುವ ಕಿರಿದಾದ ಟ್ರೇ ಹಾಕಿಸಿ, ಮೌಸನ್ನು ಮೇಜಿನ ಮೇಲೆಯೇ ಬಿಟ್ಟುಬಿಡುತ್ತಾರೆ. ಆಗ ಬಲಗೈ ದಿನವಿಡೀ ಮುಂದಕ್ಕೂ ಮೇಲಕ್ಕೂ ಚಾಚಿಕೊಂಡಿರುತ್ತದೆ, ಬಲ ಹೆಗಲೊಂದೇ ನೋಯುತ್ತದೆ. ಅಂಕಿ ಕೀಲಿಗಳಿರುವ ಕೀಬೋರ್ಡು 45 ಸೆಂ.ಮೀ., ಮೌಸಿಗೆ ಇನ್ನೊಂದು 22. ಹಾಗಾಗಿ ಟ್ರೇ ಕನಿಷ್ಠ 27 ಇಂಚು ಅಗಲ ಇರಲಿ ಎಂದು ಬಡಗಿಗೆ ಮೊದಲೇ ಹೇಳಿ. ನಡುವೆ ಡ್ರಾಯರ್ ಇರುವ ಹಳೆಯ ಮೇಜಿಗೆ ಟ್ರೇ ಹಾಕಿದರೆ ತೊಡೆಗೆ ಜಾಗ ಉಳಿಯುವುದಿಲ್ಲ. ಡ್ರಾಯರನ್ನು ತೆಗೆಸಿಯೇ ಹಾಕಬೇಕು.

ಮೂರನೆಯದು ಕುರ್ಚಿಯನ್ನು ಎತ್ತರಿಸಿ, ಕಾಲ ಕೆಳಗೆ ಮಣೆ ಕೊಡುವುದು. ಮೇಲಿನ ಉದಾಹರಣೆಯಲ್ಲಿ ಸೀಟನ್ನು 15 ಸೆಂ.ಮೀ. ಏರಿಸಿದರೆ ಮಣೆಯೂ ಅಷ್ಟೇ ಎತ್ತರ ಬೇಕು. 16 ಇಂಚು ಅಗಲ, 12 ಇಂಚು ಉದ್ದ, ಮುಂದಿನಿಂದ ಹಿಂದಕ್ಕೆ ಸ್ವಲ್ಪ ಇಳಿಜಾರು, ಅಡಿಗೆ ರಬ್ಬರು. ಮಣೆಯಿಲ್ಲದೆ ಕುರ್ಚಿ ಏರಿಸುವುದು ಸರ್ವೇಸಾಮಾನ್ಯ ತಪ್ಪು. ಕಾಲು ಜೋತಾಡಿದರೆ ತೊಡೆಯ ಅಡಿಭಾಗ ಸೀಟಿನ ಅಂಚಿಗೆ ಒತ್ತಿ ಪಾದ ಊದಿಕೊಳ್ಳುತ್ತದೆ.

ಕುರ್ಚಿಯಲ್ಲಿ ನೋಡಬೇಕಾದದ್ದು

ಕುರ್ಚಿ ಬೇಕೇ ಬೇಕಾದಲ್ಲಿ ತಲೆದಿಂಬಿನ ಆಸೆ ಬಿಡಿ. ಟೈಪ್ ಮಾಡುವಾಗ ತಲೆ ಅದನ್ನು ಮುಟ್ಟುವುದೇ ಇಲ್ಲ. ನೋಡಬೇಕಾದದ್ದು ಸೀಟಿನ ಆಳ. ಬೆನ್ನು ಪೂರ್ತಿ ಆನಿಸಿ ಕೂತಾಗ ಮಂಡಿಯ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಮೂರು ಬೆರಳು ಹಿಡಿಸಬೇಕು. ಸೀಟು ಆಳವಾದರೆ ಕುಳ್ಳಗಿರುವವರು ಮುಂದಕ್ಕೆ ಸರಿದು ಅಂಚಿನಲ್ಲಿ ಕೂರುತ್ತಾರೆ, ಬೆನ್ನಾಸರೆ ಅಲಂಕಾರಕ್ಕೆ ಉಳಿಯುತ್ತದೆ. ಹೊಸ ಕುರ್ಚಿಗೆ ದುಡ್ಡಿಲ್ಲದಿದ್ದರೆ ಸೊಂಟದ ಹಿಂದೆ ಸುತ್ತಿದ ಟವೆಲ್ ಇಟ್ಟರೂ ಸಾಕು. ಸರಕಾರಿ ಕಚೇರಿಯ ಕುರ್ಚಿಯ ಬೆನ್ನಿಗೆ ಹಾಸುವ ಟವೆಲ್ಲನ್ನು ಸುತ್ತಿ ಎಂಟು ಇಂಚು ಕೆಳಗಿಳಿಸಿದರೆ ಅದಕ್ಕೂ ಒಂದು ಉಪಯೋಗ ಸಿಕ್ಕಂತಾಯಿತು.

ಕೈಯಾಸರೆ ಮೇಜಿನ ಅಂಚಿಗೆ ತಗುಲುತ್ತಿದ್ದರೆ ಕುರ್ಚಿ ಒಳಗೆ ಹೋಗುವುದಿಲ್ಲ, ಕೂತವರು ಮುಂದಕ್ಕೆ ಬಾಗಲೇಬೇಕಾಗುತ್ತದೆ. ಇಳಿಸಲು ಬಾರದ ಕೈಯಾಸರೆಯನ್ನು ಸ್ಕ್ರೂ ಬಿಚ್ಚಿ ತೆಗೆದುಬಿಡುವುದೇ ವಾಸಿ. ಚಕ್ರಗಳ ವಿಷಯ ಯಾರೂ ಕೇಳುವುದಿಲ್ಲ. ಗಟ್ಟಿ ನೈಲಾನ್ ಚಕ್ರ ಕಾರ್ಪೆಟ್ಟಿಗೆ ಮಾಡಿದ್ದು. ನಮ್ಮ ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ನೆಲದ ಮೇಲೆ ಅದು ಜಾರುತ್ತದೆ. ಕೂತವರು ತಮಗೇ ಗೊತ್ತಿಲ್ಲದೆ ಕಾಲಲ್ಲಿ ತಡೆಹಿಡಿಯುತ್ತಾ ಕೂರುತ್ತಾರೆ. ಮೆತ್ತನೆಯ ಪಿಯು (ಪಾಲಿಯುರಿಥೇನ್) ಚಕ್ರ ಕೇಳಿ ಹಾಕಿಸಿ. ಕೂತಂತೆ ಕೂತಂತೆ ಕುರ್ಚಿ ಇಳಿಯುತ್ತಿದ್ದರೆ ಗ್ಯಾಸ್ ಸಿಲಿಂಡರ್ ಹೋಗಿದೆ ಎಂದರ್ಥ. ಅದೊಂದನ್ನೇ ಬದಲಿಸಬಹುದು, ಇಡೀ ಕುರ್ಚಿಯನ್ನು ಗುಜರಿಗೆ ಹಾಕಬೇಕಿಲ್ಲ.

ಮಾನಿಟರ್, ಮತ್ತು ಕನ್ನಡ ಅಕ್ಷರದ ಗಾತ್ರ

ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, ದೂರ ಒಂದು ಕೈಯಳತೆ, ಅಂದರೆ 50ರಿಂದ 70 ಸೆಂ.ಮೀ. ಎರಡು ನೋಟದ ಕನ್ನಡಕ ಹಾಕುವವರಿಗೆ ಈ ನಿಯಮ ಒಗ್ಗುವುದಿಲ್ಲ. ಅವರು ಕನ್ನಡಕದ ಕೆಳಭಾಗದಿಂದ ಓದಲು ಗದ್ದ ಎತ್ತುತ್ತಾರೆ. ಅವರ ಮಾನಿಟರನ್ನು ಇನ್ನಷ್ಟು ಇಳಿಸಿ. ಲ್ಯಾಪ್‌ಟಾಪಿನಲ್ಲಿ ಸ್ಕ್ರೀನು, ಕೀಬೋರ್ಡು ಅಂಟಿಕೊಂಡೇ ಇರುವುದರಿಂದ ಒಂದು ಸರಿಯಾದರೆ ಇನ್ನೊಂದು ಕೆಡುತ್ತದೆ. ದಿನಕ್ಕೆ ಎರಡು ಗಂಟೆ ಮೀರಿ ಬಳಸುವವರಿಗೆ ಸ್ಟ್ಯಾಂಡ್, ಬೇರೆ ಕೀಬೋರ್ಡು, ಬೇರೆ ಮೌಸ್ ಮೂರನ್ನೂ ಒಟ್ಟಿಗೇ ಕೊಡಬೇಕು. ಸ್ಟ್ಯಾಂಡೊಂದನ್ನೇ ಕೊಟ್ಟರೆ ಮಣಿಕಟ್ಟಿಗೆ ಹೊಸ ಕಾಯಿಲೆ ತಂದುಕೊಟ್ಟಂತೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತೊಂದರೆ ಇದೆ. ಇಂಗ್ಲಿಷ್ ಅಕ್ಷರ ಸಲೀಸಾಗಿ ಕಾಣುವ ಗಾತ್ರದಲ್ಲಿ ಕನ್ನಡದ ಒತ್ತಕ್ಷರ ಕಲಸಿಹೋಗುತ್ತದೆ. ‘ಪ’ ಮತ್ತು ‘ಷ’, ‘ವ’ ಮತ್ತು ‘ಮ’ ಬೇರೆ ಮಾಡಿ ನೋಡಲು ಪ್ರೂಫ್ ಓದುವವರು ತಲೆಯನ್ನು ಮುಂದೆ ಚಾಚುತ್ತಾರೆ, ಬೆನ್ನು ಗೂನಾಗುತ್ತದೆ. ಇದಕ್ಕೆ ಕುರ್ಚಿ, ಮೇಜು ಯಾವುದೂ ಮದ್ದಲ್ಲ. ಸ್ಕ್ರೀನಿನ ಸ್ಕೇಲಿಂಗ್ 125 ಅಥವಾ 150 ಪ್ರತಿಶತಕ್ಕೆ ಏರಿಸಿದರೆ ಬೆನ್ನು ತಾನಾಗಿ ಹಿಂದಕ್ಕೆ ಬರುತ್ತದೆ. ಪಹಣಿ, ವೋಚರು, ಹಸ್ತಪ್ರತಿ ನೋಡಿಕೊಂಡು ಟೈಪ್ ಮಾಡುವವರಿಗೆ ಕಾಗದ ನಿಲ್ಲಿಸುವ ಹೋಲ್ಡರ್ ಬೇಕು. ಅದನ್ನು ಮಾನಿಟರಿನ ಪಕ್ಕದಲ್ಲಿ ಅದೇ ಎತ್ತರಕ್ಕೆ, ಇಲ್ಲವೇ ಕೀಬೋರ್ಡು ಮತ್ತು ಮಾನಿಟರಿನ ನಡುವೆ ಇಡಿ. ಎಡಗಡೆ ಮೇಜಿನ ಮೇಲೆ ಮಲಗಿಸಿದ ಕಾಗದ ನೋಡಲು ದಿನಕ್ಕೆ ಸಾವಿರ ಸಲ ಕತ್ತು ಹೊರಳುತ್ತದೆ.

ಕಣ್ಣುರಿಗೆ ಅರ್ಧ ಕಾರಣ ರೆಪ್ಪೆ ಬಡಿಯುವುದು ಕಡಿಮೆಯಾಗುವುದು, ಇನ್ನರ್ಧ ಬೆಳಕು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡ್ ನೋಡಿ ಎಂಬ ಸಲಹೆ ಒಳ್ಳೆಯದೇ. ಆದರೆ ಎದುರಿಗೆ ಗೋಡೆಯೇ ಇದ್ದರೆ ನೋಡುವುದು ಏನನ್ನು? ಮೇಜನ್ನು ಕಿಟಕಿ ಪಕ್ಕಕ್ಕೆ ಬರುವಂತೆ ಅಡ್ಡವಾಗಿ ತಿರುಗಿಸಿದರೆ ದೂರನೋಟವೂ ಸಿಗುತ್ತದೆ, ಪ್ರತಿಫಲನವೂ ತಪ್ಪುತ್ತದೆ. ಕಿಟಕಿ ಬೆನ್ನ ಹಿಂದಿದ್ದರೆ ಸ್ಕ್ರೀನಿನಲ್ಲಿ ಅದೇ ಕಾಣುತ್ತದೆ, ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ. ಮಾನಿಟರ್ ಆರಿಸಿ ಅದರೊಳಗೆ ನೋಡಿ. ಟ್ಯೂಬ್‌ಲೈಟ್ ಕಂಡರೆ ದೀಪವನ್ನೋ ಮಾನಿಟರನ್ನೋ ಸರಿಸಬೇಕು. ಮೇಜಿನ ಮೇಲೆ ಬೆಳಕು 300ರಿಂದ 500 ಲಕ್ಸ್ (ಬೆಳಕಿನ ಅಳತೆಯ ಮಾನ) ಇದ್ದರೆ ಸಾಕು. ಹೆಚ್ಚಿನ ಆಫೀಸುಗಳಲ್ಲಿ ಕೊರತೆ ಬೆಳಕಿನದಲ್ಲ, ಕಾಟ ಹೊಳಪಿನದು. ಹೊಳೆಯುವ ಬಿಳಿ ಸನ್‌ಮೈಕಾ ಕನ್ನಡಿಯ ಹಾಗೆ ಮೇಲಿನ ದೀಪವನ್ನು ಕಣ್ಣಿಗೆ ಎಸೆಯುತ್ತದೆ, ಮ್ಯಾಟ್ ಫಿನಿಶ್ ಕೇಳಿ. ಅಗ್ಗದ ಎಲ್‌ಇಡಿ ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿಣುಕುತ್ತಿರುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ದೀಪದ ವಿಡಿಯೊ ತೆಗೆದರೆ ಗೊತ್ತಾಗುತ್ತದೆ. ಪಶ್ಚಿಮದ ಕಿಟಕಿಗೆ ಒಳಗಿನ ಬ್ಲೈಂಡ್ಸ್‌ಗಿಂತ ಹೊರಗಿನ ಸಜ್ಜಾ ಅಥವಾ ಬಿದಿರಿನ ತಟ್ಟಿ ಮೇಲು, ಬಿಸಿಲು ಗಾಜು ದಾಟುವ ಮೊದಲೇ ನಿಲ್ಲುತ್ತದೆ.

ಮೀಟಿಂಗ್ ರೂಮಿನ ನಿದ್ದೆ

ಗಾಳಿಯ ವಿಷಯಕ್ಕೆ ಬಂದರೆ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಂಪು ಮಾಡಿ, ವಾಪಸ್ ಬಿಡುತ್ತದೆ. ಏರ್ ಪ್ಯೂರಿಫೈಯರ್ ದೂಳು ಹಿಡಿಯುತ್ತದೆ, ಉಸಿರಿನಿಂದ ಬಂದ ಇಂಗಾಲದ ಡೈಆಕ್ಸೈಡನ್ನು ಹಿಡಿಯುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಕೂತು ಕೆಲಸ ಮಾಡುವ ಒಬ್ಬ ವ್ಯಕ್ತಿ ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. 4 ಮೀಟರ್ ಉದ್ದ, 3 ಮೀಟರ್ ಅಗಲ, 2.7 ಮೀಟರ್ ಎತ್ತರದ ಮೀಟಿಂಗ್ ರೂಮಿನಲ್ಲಿ 32 ಘನ ಮೀಟರ್ ಗಾಳಿ. ಆರು ಜನ ಬಾಗಿಲು ಮುಚ್ಚಿ ಕೂತರೆ ಗಂಟೆಗೆ 108 ಲೀಟರ್ ಸೇರುತ್ತದೆ, ಅಂದರೆ ಸುಮಾರು 3,300 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅಷ್ಟು ಭಾಗ) ಏರಿಕೆ. ಹೊರಗಿನ ಗಾಳಿಯಲ್ಲಿ 420ರ ಆಸುಪಾಸು ಇರುತ್ತದೆ. ಬಾಗಿಲ ಸಂದಿಯಿಂದ ಏನೂ ಸೋರದಿದ್ದರೆ ಇಪ್ಪತ್ತು ನಿಮಿಷಕ್ಕೆ 1,500, ಅರ್ಧ ಗಂಟೆಗೆ 2,000 ದಾಟುತ್ತದೆ. ಗಾಳಿ ಸಾಕಷ್ಟು ಬದಲಾಗುತ್ತಿದೆ ಎನ್ನಲು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗೆರೆ 1,000. ಮಧ್ಯಾಹ್ನದ ಮೀಟಿಂಗಿನಲ್ಲಿ ತೂಕಡಿಸುವವರ ಮೇಲೆ ಅನ್ನದ ಊಟದ ಅಪವಾದ ಹೊರಿಸುವ ಮುನ್ನ ಇದನ್ನೊಮ್ಮೆ ಅಳೆಯುವುದು ನ್ಯಾಯ.

ತಲೆಗೆ ಗಂಟೆಗೆ 30 ಘನ ಮೀಟರ್ ಹೊರಗಾಳಿ ಸಿಕ್ಕರೆ ಮಟ್ಟ 1,000ದ ಆಸುಪಾಸಿನಲ್ಲಿ ನಿಲ್ಲುತ್ತದೆ. ಆರು ಜನಕ್ಕೆ 180. ಆರಿಂಚಿನ ಒಂದು ಎಕ್ಸಾಸ್ಟ್ ಫ್ಯಾನ್ ಕಾಗದದ ಮೇಲೆ ಇಷ್ಟು ಎಳೆಯುತ್ತದೆ. ಪೈಪು, ಜಾಲರಿ, ದೂಳು ಸೇರಿ ನಿಜದಲ್ಲಿ ಕಡಿಮೆಯಾಗುವುದರಿಂದ ಒಂದು ಗಾತ್ರ ದೊಡ್ಡದನ್ನೇ ಹಾಕಿಸಿ. ಇಲ್ಲಿ ಎರಡು ಕಡೆ ಕೆಡುತ್ತದೆ. ಒಂದು, ಗಾಳಿ ಒಳಗೆ ಬರಲು ದಾರಿಯೇ ಇರುವುದಿಲ್ಲ. ಹೊರಗೆ ಎಳೆದಷ್ಟೇ ಒಳಗೆ ಬರಬೇಕು, ಇಲ್ಲದಿದ್ದರೆ ಫ್ಯಾನು ಸುಮ್ಮನೆ ಸದ್ದು ಮಾಡುತ್ತದೆ. ಫ್ಯಾನಿಗೆ ಎದುರು ಮೂಲೆಯಲ್ಲಿ ಒಂದು ಚದರ ಅಡಿಯ ಜಾಲರಿ ಕಿಂಡಿ ಬಿಡಿಸಿ. ಎರಡು, ಆ ಕಿಂಡಿ ಶೌಚಾಲಯದ ಪ್ಯಾಸೇಜಿಗೆ ತೆರೆದುಕೊಂಡರೆ ವಾಸನೆ ನೇರ ಮೀಟಿಂಗಿಗೆ ಬರುತ್ತದೆ, ಮರುದಿನವೇ ಯಾರೋ ಅದಕ್ಕೆ ರಟ್ಟು ಅಂಟಿಸುತ್ತಾರೆ. ಅಳೆಯುವ ಉಪಕರಣ ಕೊಳ್ಳುವಾಗ ಎನ್‌ಡಿಐಆರ್ ಸೆನ್ಸರ್ (ಇನ್‌ಫ್ರಾರೆಡ್ ಬೆಳಕಿನಿಂದ ಇಂಗಾಲದ ಡೈಆಕ್ಸೈಡನ್ನೇ ಅಳೆಯುವಂಥದ್ದು) ಇದೆಯೇ ಎಂದು ನೋಡಿ. ತೀರಾ ಅಗ್ಗದವು ಬೇರೆ ಅನಿಲಗಳನ್ನು ಮೂಸಿ ಅಂದಾಜಿನ ಸಂಖ್ಯೆ ತೋರಿಸುತ್ತವೆ. ಪರೀಕ್ಷೆ ಸುಲಭ: ಸ್ಯಾನಿಟೈಸರ್ ಹತ್ತಿರ ತಂದರೆ ಸಂಖ್ಯೆ ಜಿಗಿಯುವ ಉಪಕರಣವನ್ನು ನಂಬಬೇಡಿ.

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಬೇಸಿಗೆಯ ಕೆಲವು ವಾರ ಬಿಟ್ಟರೆ ಕಿಟಕಿ ಮತ್ತು ಫ್ಯಾನಿನಲ್ಲೇ ಕೆಲಸ ನಡೆಯುತ್ತದೆ. ಮುಖ್ಯರಸ್ತೆಯ ಮೇಲಿನ ಕಟ್ಟಡವಾದರೆ ದೂಳು ಮತ್ತು ಹಾರ್ನಿಗಾಗಿ ಹಿಂಬದಿಯ ಕಿಟಕಿಯನ್ನು ಆರಿಸಿಕೊಳ್ಳಬೇಕು, ಅಷ್ಟೆ. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆ 40 ಡಿಗ್ರಿ ದಾಟುವುದರಿಂದ ಈ ಮಾತು ಬೆಳಗಿನ ಹೊತ್ತಿಗೆ ಮಾತ್ರ ಅನ್ವಯ. ಮಂಗಳೂರಿನಲ್ಲಿ ಶತ್ರು ಶಾಖಕ್ಕಿಂತ ತೇವ. ಎಸಿ ಹಾಕುವುದಾದರೆ ಎಷ್ಟಕ್ಕೆ ಎಂಬ ದಿನನಿತ್ಯದ ಜಗಳಕ್ಕೆ ಒಂದು ಆಧಾರ ಇದೆ. ಸ್ಟಾರ್ ಗುರುತಿನ ರೂಮ್ ಎಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕು ಎಂಬ ಕೇಂದ್ರದ ನಿಯಮ 2020ರ ಜನವರಿ 1ರಿಂದ ಜಾರಿಯಲ್ಲಿದೆ. 26ಕ್ಕೆ ಇಟ್ಟು ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗಲು ಬಿಟ್ಟರೆ ಹೆಚ್ಚಿನವರಿಗೆ ಹಿತ, ಬಿಲ್ಲೂ ಇಳಿಯುತ್ತದೆ. ಎಸಿಯ ಗಾಳಿ ನೇರ ಯಾರ ಕತ್ತಿನ ಮೇಲೂ ಬೀಳದಂತೆ ರೆಕ್ಕೆ ತಿರುಗಿಸಿ. ಫಿಲ್ಟರನ್ನು ತಿಂಗಳಿಗೊಮ್ಮೆ ನಲ್ಲಿ ನೀರಿನಲ್ಲಿ ತೊಳೆದು, ಒಣಗಿಸಿ ಹಾಕಿ.

ಸದ್ದು

ಇದನ್ನು ಚುಟುಕಾಗಿ ಹೇಳಬಹುದು. ಫ್ಯಾನಿನ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಪಕ್ಕದವರ ಫೋನ್ ಮಾತಿಗೆ ಒಗ್ಗುವುದಿಲ್ಲ, ಏಕೆಂದರೆ ಅರ್ಥವಾಗುವ ಮಾತನ್ನು ಮೆದುಳು ಕೇಳದೆ ಬಿಡುವುದಿಲ್ಲ. ಗೋಡೆಗೆ ಅಂಟಿಸುವ ಫೋಮ್ ಹಲಗೆ ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತದೆ, ಪಕ್ಕದ ಕೋಣೆಯ ಮಾತು ತಡೆಯುವುದಿಲ್ಲ. ಗಾಜಿನ ಕ್ಯಾಬಿನ್ನಿನ ಗುಟ್ಟು ಹೊರಗೆ ಕೇಳುವುದು ಬಹುಮಟ್ಟಿಗೆ ಫಾಲ್ಸ್ ಸೀಲಿಂಗಿನ ಮೇಲಿಂದ. ಪಾರ್ಟಿಷನ್ ಅಲ್ಲಿಗೇ ನಿಂತಿರುತ್ತದೆ, ಅದರಾಚೆ ಸ್ಲ್ಯಾಬಿನವರೆಗೆ ಖಾಲಿ. ಕಟ್ಟುವಾಗಲೇ ಸ್ಲ್ಯಾಬಿನವರೆಗೆ ಒಯ್ಯಬೇಕು. ಅದಾಗದ ಕಡೆ ಫೋನಿಗೆಂದೇ ಒಂದು ಸಣ್ಣ ಕೋಣೆ ಮೀಸಲಿಟ್ಟರೆ ಎಲ್ಲ ಫೋಮಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ನೀರು, ಶೌಚಾಲಯ, ಹೊತ್ತು

ನೀರು ಹೆಚ್ಚು ಕುಡಿಯಿರಿ ಎಂಬ ಪೋಸ್ಟರ್ ಅಂಟಿಸುವ ಮುನ್ನ ಮಹಿಳೆಯರ ಶೌಚಾಲಯದ ಬಾಗಿಲು ತೆರೆದು ನೋಡಿ. ಚಿಲಕ ಬೀಳುವುದಿಲ್ಲ, ಬ್ಯಾಗ್ ತೂಗುಹಾಕಲು ಕೊಕ್ಕೆಯಿಲ್ಲ, ಮುಚ್ಚಳವಿರುವ ಕಸದ ಬುಟ್ಟಿಯಿಲ್ಲ ಎಂದಾದರೆ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ತಲೆನೋವು, ಮೂತ್ರದ ಸೋಂಕು ಅಲ್ಲಿಂದ ಶುರು. ಕಚೇರಿಗಳಲ್ಲಿ 25 ಪುರುಷರಿಗೆ ಒಂದು, 15 ಮಹಿಳೆಯರಿಗೆ ಒಂದು ಶೌಚಾಲಯ ಎಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕ. ಗಂಡಸರು, ಹೆಂಗಸರು ಒಂದನ್ನೇ ಹಂಚಿಕೊಳ್ಳುವ ಮಹಡಿ ಆಫೀಸುಗಳು ಇದನ್ನು ಗಮನಿಸಬೇಕು. ಐವತ್ತು ಅಥವಾ ಹೆಚ್ಚು ನೌಕರರಿದ್ದರೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಿಂದ ಕಡ್ಡಾಯವಾಯಿತು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು.

ನಿಂತು ಕೆಲಸ ಮಾಡುವ ಎತ್ತರದ ಮೇಜು ಈಗ ಫ್ಯಾಷನ್. ದಿನವಿಡೀ ನಿಂತರೆ ಕಾಲಿನ ರಕ್ತನಾಳಗಳಿಗೆ ಹಾನಿ, ಸೊಂಟಕ್ಕೂ ಸುಖವಿಲ್ಲ. ಅರ್ಧ ಗಂಟೆಗೊಮ್ಮೆ ಭಂಗಿ ಬದಲಾದರೆ ಸಾಕು. ಪ್ರಿಂಟರನ್ನು, ನೀರಿನ ಕ್ಯಾನನ್ನು ಎಲ್ಲರ ಕೈಗೆಟಕುವಂತೆ ಇಡದೆ ದೂರದ ಮೂಲೆಗೆ ಹಾಕಿದರೆ ಖರ್ಚಿಲ್ಲದೆ ಎದ್ದು ಓಡಾಡಿಸಿದಂತಾಯಿತು.

ಇಷ್ಟೆಲ್ಲ ಮಾಡಿದ ಮೇಲೂ ಕೆಲಸದ ಹೊತ್ತು ಉದ್ದವಾದರೆ ಫಲವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ಅದನ್ನು ಸರಿದೂಗಿಸುವ ಕುರ್ಚಿ ಇನ್ನೂ ಬಂದಿಲ್ಲ. ಮನಸ್ಸು ಕುಸಿದವರಿಗೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿ. ಕನ್ನಡದಲ್ಲೂ ಮಾತಾಡಬಹುದು.

ಬದಲಾವಣೆ ಕೆಲಸ ಮಾಡಿತೇ ಎಂದು ತಿಳಿಯಲು ಸಮೀಕ್ಷೆಯ ಉದ್ದ ಪ್ರಶ್ನೆಪಟ್ಟಿ ಬೇಡ. ಮನುಷ್ಯಾಕೃತಿಯ ಮುಂದು ಹಿಂದಿನ ರೇಖಾಚಿತ್ರ ಮುದ್ರಿಸಿ ಎಲ್ಲರಿಗೂ ಕೊಡಿ, ಕಳೆದ ವಾರ ಎಲ್ಲಿ ನೋಯಿತು ಅಲ್ಲಿ ಗುರುತು ಹಾಕಲಿ. ಹೆಸರು ಬೇಡ, ಸೀಟಿನ ಸಂಖ್ಯೆ ಇರಲಿ. ಮೇಜು ಸರಿಪಡಿಸುವ ಮೊದಲು ಒಂದು ಸಲ, ಆರು ವಾರದ ನಂತರ ಒಂದು ಸಲ. ಹೊಸ ಎತ್ತರಕ್ಕೆ ದೇಹ ಒಗ್ಗಲು ಮೊದಲ ಹತ್ತು ದಿನ ಬೇಕು, ಆ ಅವಧಿಯ ಗೊಣಗಾಟವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದೇ ಸೀಟಿನಲ್ಲಿ ಪಾಳಿ ಬದಲಾಯಿಸಿ ಕೂರುವ ಇಬ್ಬರೂ ಬಲ ಹೆಗಲಿಗೇ ಗುರುತು ಹಾಕಿದ್ದರೆ ಆ ಸೀಟಿನ ಮೌಸಿನ ಜಾಗ ನೋಡಿ. ಎಲ್ಲ ಸರಿಪಡಿಸಿದ ಮೇಲೂ ಯಾರಿಗಾದರೂ ರಾತ್ರಿ ಹೊತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ, ಅಥವಾ ಸೊಂಟದ ನೋವು ಕಾಲಿಗೆ ಇಳಿದು ಪಾದದ ಬಲ ಕುಂದಿದ್ದರೆ, ಅದು ಬಡಗಿಯ ಕೆಲಸವಲ್ಲ. ಅವರಿಗೆ ರಜೆ ಕೊಟ್ಟು ಮೂಳೆ ಅಥವಾ ನರರೋಗ ತಜ್ಞರ ಬಳಿ ಕಳಿಸಿ.